ತೊಂಬತ್ತು ದಿನದ ಔಷಧಿಗೂ ಹರಿಯದ ರಕ್ತ: ಬಾಹ್ಯಾಕಾಶ ನಿಲ್ದಾಣದ ಒಂದು ಪ್ರಕರಣ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಆರು ತಿಂಗಳ ಮಟ್ಟಿಗೆ ಹೋಗಿದ್ದ ಗಗನಯಾತ್ರಿಯೊಬ್ಬರಿಗೆ, ಸುಮಾರು ಎರಡು ತಿಂಗಳು ಕಳೆದ ಹೊತ್ತಿಗೆ, ಕುತ್ತಿಗೆಯ ಅಲ್ಟ್ರಾಸೌಂಡ್ ಆಯಿತು. ಕಾಯಿಲೆ ಇದೆಯೆಂದು ಮಾಡಿದ ಪರೀಕ್ಷೆಯಲ್ಲ ಅದು. ರಕ್ತನಾಳಗಳ ಬಗ್ಗೆ ನಡೆಯುತ್ತಿದ್ದ ಒಂದು ಸಂಶೋಧನೆಗೆ ಅವರೂ ಒಪ್ಪಿ ಸೇರಿದ್ದರು, ಅಷ್ಟೆ. ಅವರಿಗೆ ತಲೆನೋವಿರಲಿಲ್ಲ. ತೂಕವಿಲ್ಲದ ಸ್ಥಿತಿಯಲ್ಲಿ ಮುಖ ಕೆಂಪಾಗಿ ಉಬ್ಬುವುದು ಎಲ್ಲರಿಗೂ ಇರುವಂಥದ್ದು. ಅವರಿಗೆ ಅದು ಹೆಚ್ಚೇನೂ ಆಗಿರಲಿಲ್ಲ. ಹಿಂದೆ ಯಾವತ್ತೂ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದಿಲ್ಲ, ಮನೆತನದಲ್ಲೂ ಅಂಥ ಕಾಯಿಲೆ ಇರಲಿಲ್ಲ.

ಪರದೆಯ ಮೇಲೆ ಮಾತ್ರ ಬೇರೆಯೇ ಕಂಡಿತು. ಮಿದುಳಿನ ರಕ್ತವನ್ನು ಹೃದಯಕ್ಕೆ ಮರಳಿಸುವ ದೊಡ್ಡ ನಾಳ, ಜುಗುಲರ್ ಅಭಿಧಮನಿ, ಎಡಗಡೆಯಲ್ಲಿ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದಂತಿತ್ತು. ಖಾತ್ರಿಗಾಗಿ ಗಗನಯಾತ್ರಿ ತಮ್ಮ ಕುತ್ತಿಗೆಯನ್ನು ತಾವೇ ಮತ್ತೊಮ್ಮೆ ಸ್ಕ್ಯಾನ್ ಮಾಡಿಕೊಂಡರು. ಕೈ ಎಲ್ಲಿಡಬೇಕು, ಎಷ್ಟು ಒತ್ತಬೇಕು ಎಂದು ಭೂಮಿಯಿಂದ ಆ ಕ್ಷಣದಲ್ಲೇ ಹೇಳುತ್ತಾ ಇಬ್ಬರು ರೇಡಿಯಾಲಜಿಸ್ಟರು ಚಿತ್ರ ನೋಡಿದರು. ಅನುಮಾನ ನಿಜವಾಗಿತ್ತು. ಬಾಹ್ಯಾಕಾಶದಲ್ಲಿರುವಾಗಲೇ ಒಬ್ಬರ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದು ಪತ್ತೆಯಾಗಿ ವೈದ್ಯಕೀಯ ವರದಿಯಾದದ್ದು ಇದೇ ಮೊದಲು.

ವರದಿ ಹೊರಬಂದದ್ದು 2020ರ ಜನವರಿಯಲ್ಲಿ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ. ಮೊದಲ ಲೇಖಕಿ ಸೆರೀನಾ ಔನ್ಯೋನ್-ಚಾನ್ಸೆಲರ್ ಸ್ವತಃ ವೈದ್ಯೆ, ಸ್ವತಃ ಗಗನಯಾತ್ರಿ. ರೋಗಿ ಯಾರು, ಯಾವ ವರ್ಷದ ಯಾನ, ಗಂಡೋ ಹೆಣ್ಣೋ ಎಂಬ ಯಾವುದನ್ನೂ ವರದಿ ಬಿಟ್ಟುಕೊಡುವುದಿಲ್ಲ. ನಿಲ್ದಾಣಕ್ಕೆ ಹೋಗಿಬಂದವರು ಕೆಲವೇ ನೂರು ಜನ. ಒಂದು ಸುಳಿವು ಸಿಕ್ಕರೂ ಹೆಸರು ಗೊತ್ತಾಗಿಬಿಡುತ್ತದೆ. ಆ ಎಚ್ಚರ ಸರಿಯಾದದ್ದೇ. ಕನ್ನಡದಲ್ಲಿ ‘ಅವರು’ ಎಂಬ ಮಾತಿದೆ, ಈ ಬರಹಕ್ಕೆ ಅಷ್ಟು ಸಾಕು.

ಕುತ್ತಿಗೆಯ ನಾಳಕ್ಕೆ ಮೇಲೆ ಏನಾಗುತ್ತದೆ

ಭೂಮಿಯ ಮೇಲೆ ನಾವು ಮಲಗಿದಾಗ ಜುಗುಲರ್ ನಾಳಗಳು ತುಂಬಿಕೊಂಡು ಹರಿಯುತ್ತವೆ. ಎದ್ದು ನಿಂತ ತಕ್ಷಣ ರಕ್ತ ಗುರುತ್ವದಿಂದ ಕೆಳಕ್ಕೆ ಇಳಿಯುತ್ತದೆ, ಕುತ್ತಿಗೆಯ ನಾಳದ ಗೋಡೆಗಳು ಒಂದಕ್ಕೊಂದು ಅಂಟಿದಂತೆ ಕುಸಿಯುತ್ತವೆ. ಮಿದುಳಿನ ರಕ್ತ ಬಹುಪಾಲು ಬೆನ್ನುಹುರಿಯ ಸುತ್ತಲಿನ ಸಣ್ಣ ನಾಳಗಳ ಮೂಲಕ ಇಳಿಯುತ್ತದೆ. ದಿನದ ಮೂರನೇ ಎರಡು ಪಾಲು ನಾವು ನೆಟ್ಟಗೆ ಇರುವವರಾದ್ದರಿಂದ, ಈ ನಾಳ ದಿನವೂ ತುಂಬುತ್ತದೆ, ಬರಿದಾಗುತ್ತದೆ. ಹೀಗೆ ಬರಿದಾಗುವುದು ಎಷ್ಟು ಮುಖ್ಯವೆಂದು ಯಾರೂ ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ, ಏಕೆಂದರೆ ಎದ್ದು ನಿಲ್ಲದ ಆರೋಗ್ಯವಂತ ಮನುಷ್ಯ ಇರಲಿಲ್ಲ.

ಕಕ್ಷೆಯಲ್ಲಿ ನಿಲ್ಲುವುದೂ ಇಲ್ಲ, ಮಲಗುವುದೂ ಇಲ್ಲ. ಸೇರಿದ ಮೊದಲ ಗಂಟೆಗಳಲ್ಲೇ ಕಾಲುಗಳಲ್ಲಿದ್ದ ದ್ರವ, ಸುಮಾರು ಎರಡು ಲೀಟರಿನಷ್ಟು, ಎದೆ ಮತ್ತು ತಲೆಯ ಕಡೆಗೆ ಏರುತ್ತದೆ. ಮುಖ ಊದುತ್ತದೆ, ಮೂಗು ಕಟ್ಟಿದಂತಾಗುತ್ತದೆ, ಕಾಲು ಸಣಕಲಾಗುತ್ತದೆ. ಕುತ್ತಿಗೆಯ ನಾಳ ಹಗಲೂ ರಾತ್ರಿ ಉಬ್ಬಿಯೇ ಇರುತ್ತದೆ. ಉಬ್ಬಿದ ನಾಳದಲ್ಲಿ ರಕ್ತ ಜೋರಾಗಿ ಹರಿಯುತ್ತಿರಬೇಕು ಎಂದು ಮೇಲ್ನೋಟಕ್ಕೆ ಅನಿಸಬಹುದು, ಆದರೆ ಆಗುವುದು ತಿರುವುಮುರುವು. ಕೆಳಕ್ಕೆ ಎಳೆಯುವ ಬಲವೇ ಇಲ್ಲದ ಮೇಲೆ ರಕ್ತ ಅಲ್ಲೇ ತಂಗುತ್ತದೆ. ಹಳ್ಳದ ನೀರು ಕೆರೆಗೆ ಬಂದಂತೆ: ಹರವು ಹೆಚ್ಚಿತು, ಓಟ ಕಡಿಮೆಯಾಯಿತು.

ಎಡಗಡೆಯೇ ಏಕೆ ಎಂಬುದಕ್ಕೆ ದೇಹರಚನೆಯಲ್ಲಿ ಒಂದು ಸುಳಿವಿದೆ. ಬಲಗಡೆಯ ನಾಳ ಹೆಚ್ಚುಕಡಿಮೆ ನೇರವಾಗಿ ಹೃದಯಕ್ಕೆ ಇಳಿಯುತ್ತದೆ. ಎಡಗಡೆಯದು ಮುಂದೆ ಎದೆಮೂಳೆಯ ಹಿಂದಿನಿಂದ, ಮಹಾಪಧಮನಿಯ ಕವಲುಗಳ ಮುಂದಿನಿಂದ ಅಡ್ಡಲಾಗಿ ಹಾದು ಬಲಕ್ಕೆ ಬರಬೇಕು. ದಾರಿ ದೂರ, ಒತ್ತಡ ಬೀಳುವ ಜಾಗವೂ ಹೌದು.

ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಲು ಮೂರು ಕಾರಣಗಳನ್ನು ವೈದ್ಯವಿದ್ಯಾರ್ಥಿಗಳು ಇಂದಿಗೂ ಜರ್ಮನಿಯ ರುಡಾಲ್ಫ್ ವಿರ್ಚೋ ಹೆಸರಿನಲ್ಲಿ ಓದುತ್ತಾರೆ: ಹರಿವು ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟಾಗುವುದು, ರಕ್ತವೇ ಗಟ್ಟಿಯಾಗುವತ್ತ ವಾಲುವುದು. ಇವುಗಳಲ್ಲಿ ಮೊದಲನೆಯದನ್ನು ತೂಕವಿಲ್ಲದ ಸ್ಥಿತಿ ಎಲ್ಲರಿಗೂ ಪುಕ್ಕಟೆಯಾಗಿ ಕೊಡುತ್ತದೆ. ಈ ಪ್ರಕರಣವನ್ನು ಓದುವಾಗ ಇದೊಂದನ್ನು ನೆನಪಿಟ್ಟರೆ ಸಾಕು. ಮುಂದೆ ನಡೆದದ್ದೆಲ್ಲ ಇದರ ಸುತ್ತಲೇ ಇದೆ.

ಔಷಧದ ಪೆಟ್ಟಿಗೆಯ ಲೆಕ್ಕ

ಚಿಕಿತ್ಸೆ ಕೊಡಬೇಕೇ ಎಂಬುದೇ ಮೊದಲ ಪ್ರಶ್ನೆ. ಭೂಮಿಯಲ್ಲಾಗಿದ್ದರೆ ಯೋಚಿಸುವಂಥದ್ದಿಲ್ಲ: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿಯನ್ನು ಕನಿಷ್ಠ ಮೂರು ತಿಂಗಳು ಕೊಡುತ್ತಾರೆ. ಕೊಡದಿದ್ದರೆ ಹೆಪ್ಪು ಮೇಲಕ್ಕೆ ಬೆಳೆದು ಮಿದುಳಿನ ನಾಳಗಳನ್ನು ಕಟ್ಟಬಹುದು, ಇಲ್ಲವೇ ಒಂದು ತುಣುಕು ಕಿತ್ತು ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಕುತ್ತು ತರಬಹುದು.

ಕೊಟ್ಟರೂ ಅಪಾಯ ತಪ್ಪಿದ್ದಲ್ಲ. ಈ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಪೆಟ್ಟಾದರೆ ರಕ್ತ ನಿಲ್ಲುವುದು ಕಷ್ಟ. ನಿಲ್ದಾಣದಲ್ಲಿ ದಿನವೂ ಗಂಟೆಗಟ್ಟಲೆ ಕಸರತ್ತು ಮಾಡಬೇಕು, ಭಾರದ ಸಾಮಾನುಗಳ ನಡುವೆ ತೇಲಾಡಬೇಕು. ಒಳಗೆಲ್ಲೋ ರಕ್ತ ಸೋರಿದರೆ ಅಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯಿಲ್ಲ, ಸಿಟಿ ಸ್ಕ್ಯಾನ್ ಇಲ್ಲ, ಎಂಆರ್‌ಐ ಇಲ್ಲ. ಔಷಧಿಯ ಪರಿಣಾಮವನ್ನು ತಕ್ಷಣ ತಡೆಯುವ ಪ್ರತ್ಯೌಷಧವೂ ಆಗ ನಿಲ್ದಾಣದಲ್ಲಿರಲಿಲ್ಲ.

ನಾಸಾ ಆಗ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸ್ಟೀಫನ್ ಮೋಲ್ ಅವರ ಸಲಹೆ ಕೇಳಿತು. ರಕ್ತ ಹೆಪ್ಪುಗಟ್ಟುವ ಕಾಯಿಲೆಗಳಲ್ಲಿ ಪಳಗಿದ ವೈದ್ಯರು ಅವರು. ಒಂದು ದಿನ ಅವರ ಮನೆಯ ಫೋನ್ ಗಂಟೆ ಬಾರಿಸಿತು, ಹೆಂಡತಿ ಎತ್ತಿಕೊಂಡರು, ಬಾಹ್ಯಾಕಾಶದಿಂದ ನಿಮಗೊಂದು ಕರೆ ಎಂದು ಗಂಡನ ಕೈಗೆ ಕೊಟ್ಟರು. ಈ ಪ್ರಸಂಗವನ್ನು ಮೋಲ್ ಅವರೇ ಹೇಳಿಕೊಂಡಿದ್ದಾರೆ. ಜರ್ಮನಿಯ ತಮ್ಮ ಮನೆಯವರಿಗೆ ಮಾಡುವ ಕರೆಗಿಂತ ಆ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತಂತೆ. ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತಿರುವ ಒಬ್ಬ ರೋಗಿ, ಉಳಿದ ಯಾವ ರೋಗಿಯೂ ಕೇಳುವಂತೆ ತನ್ನ ವೈದ್ಯರನ್ನು ಕೇಳುತ್ತಿದ್ದಾರೆ. ಆ ಸಾಮಾನ್ಯತೆ ನನ್ನ ಮನಸ್ಸನ್ನು ತಟ್ಟುತ್ತದೆ. ಸಾವಿರಾರು ಜನರ ದುಡಿಮೆ ಸೇರಿದ್ದರಿಂದ ಸಿಕ್ಕ ಸಾಮಾನ್ಯತೆ ಅದು.

ಚಿಕಿತ್ಸೆ ಕೊಡುವುದೆಂದು ತೀರ್ಮಾನವಾಯಿತು. ನಿಲ್ದಾಣದ ಔಷಧ ಸಂಗ್ರಹದಲ್ಲಿ ಎನಾಕ್ಸಪರಿನ್ ಎಂಬ ಚುಚ್ಚುಮದ್ದು ಇತ್ತು: ತಲಾ 300 ಮಿಲಿಗ್ರಾಂನ 20 ಸೀಸೆಗಳು. ಸಿರಿಂಜುಗಳು ಎಣಿಕೆಯವು. ದೇಹತೂಕದ ಕಿಲೋ ಒಂದಕ್ಕೆ 1.5 ಮಿಲಿಗ್ರಾಂನಂತೆ ದಿನಕ್ಕೊಮ್ಮೆ ಚುಚ್ಚಿಕೊಳ್ಳುವುದೆಂದು ಶುರುವಾಯಿತು. ಇದೇ ಔಷಧಿಯನ್ನು ಕಿಲೋಗೆ 1 ಮಿಲಿಗ್ರಾಂನಂತೆ ದಿನಕ್ಕೆ ಎರಡು ಬಾರಿ ಕೊಡುವ ಕ್ರಮವೂ ಉಂಟು. ದಿನಕ್ಕೊಂದೇ ಬಾರಿ ಎಂದರೆ ಔಷಧಿಯೂ ಉಳಿಯಿತು, ಸಿರಿಂಜೂ ಉಳಿಯಿತು.

ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ ತೂಕ 80 ಕಿಲೋ ಎಂದಿಟ್ಟುಕೊಳ್ಳಿ. ದಿನಕ್ಕೆ 120 ಮಿಲಿಗ್ರಾಂ. ಇರುವುದು ಒಟ್ಟು 6,000 ಮಿಲಿಗ್ರಾಂ. ಒಂದು ಹನಿಯೂ ಪೋಲಾಗದಿದ್ದರೆ 50 ದಿನ. ಬೇಕಾದದ್ದು ಮೂರು ತಿಂಗಳು.

ಹನಿ ಪೋಲಾಗದಿರುವುದೂ ಅಲ್ಲಿ ಸುಲಭವಲ್ಲ. ಭೂಮಿಯಲ್ಲಿ ನರ್ಸ್ ಸೀಸೆಯನ್ನು ತಲೆಕೆಳಗು ಮಾಡುತ್ತಾರೆ, ಔಷಧಿ ಸೂಜಿಯ ಬಾಯಿಗೆ ಇಳಿಯುತ್ತದೆ, ಗಾಳಿಗುಳ್ಳೆ ಮೇಲೇರುತ್ತದೆ, ಸಿರಿಂಜಿಗೆ ಬೆರಳಲ್ಲಿ ಎರಡೇಟು ಕೊಟ್ಟರೆ ಉಳಿದ ಗಾಳಿಯೂ ಹೊರಗೆ. ತೂಕವಿಲ್ಲದೆಡೆ ಸೀಸೆಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ದ್ರವ ಮೇಲ್ಮೈ ಸೆಳೆತದಿಂದ ಗಾಜಿನ ಗೋಡೆಗೆ ಕಚ್ಚಿಕೊಂಡಿರುತ್ತದೆ, ಗುಳ್ಳೆಗಳು ಅದರೊಳಗೇ ಬೆರೆತು ನಿಂತಿರುತ್ತವೆ. ಮೂರು ಮಿಲಿಲೀಟರ್ ಔಷಧಿಯಿಂದ ಒಂದಿಷ್ಟನ್ನು ಕರಾರುವಾಕ್ಕಾಗಿ ಎಳೆದುಕೊಳ್ಳುವುದು ಅಲ್ಲಿ ದಿನವೂ ಎದುರಾಗುವ ಸವಾಲು. ಪ್ರಕರಣದ ವರದಿ ಇದನ್ನು ಒಂದು ವಾಕ್ಯದಲ್ಲಿ ದಾಟುತ್ತದೆ. ಚುಚ್ಚಿಕೊಂಡವರ ಪಾಲಿಗೆ ಮಾತ್ರ ಅದು ತಿಂಗಳಿಗೂ ಮೀರಿ ನಡೆದ ಕೆಲಸ.

33 ದಿನಗಳ ನಂತರ ಪ್ರಮಾಣವನ್ನು ಕಿಲೋಗೆ 1 ಮಿಲಿಗ್ರಾಂಗೆ ಇಳಿಸಿದರು. ಗುಣವಾಗುತ್ತಿದೆ ಎಂದಲ್ಲ, ಮುಂದಿನ ಔಷಧಿ ಬರುವವರೆಗೆ ಇದ್ದದ್ದನ್ನು ಹಿಗ್ಗಿಸಲು. ಬರಬೇಕಾಗಿದ್ದದ್ದು ಅಪಿಕ್ಸಬಾನ್ ಎಂಬ ಮಾತ್ರೆ, ಸರಕು ನೌಕೆಯಲ್ಲಿ. ಅದು ತಲುಪಿದ್ದು ಹೆಪ್ಪು ಪತ್ತೆಯಾಗಿ ಸುಮಾರು ಆರು ವಾರ ಕಳೆದ ಮೇಲೆ. 50 ದಿನದ ಸಂಗ್ರಹವಿದ್ದರೆ ಆರು ವಾರ ಕಾಯಬಹುದಲ್ಲ, ಪ್ರಮಾಣ ಏಕೆ ಇಳಿಸಬೇಕು ಎಂದು ಕೇಳಬಹುದು. ಸರಕು ನೌಕೆಗಳ ಇತಿಹಾಸ ನೋಡಿದರೆ ಉತ್ತರ ಸಿಗುತ್ತದೆ. 2014ರ ಅಕ್ಟೋಬರ್ 28ರಂದು ನಿಲ್ದಾಣಕ್ಕೆ ಹೊರಟ ಸಿಗ್ನಸ್ ನೌಕೆಯ ರಾಕೆಟ್ ಉಡಾವಣೆಯಾದ ಕೆಲವೇ ಕ್ಷಣಗಳಲ್ಲಿ ಸ್ಫೋಟಿಸಿತು. 2015ರ ಏಪ್ರಿಲ್ 28ರಂದು ಹೊರಟ ರಷ್ಯಾದ ಪ್ರೋಗ್ರೆಸ್ ನೌಕೆ ನಿಯಂತ್ರಣ ತಪ್ಪಿ ಕೊನೆಗೆ ವಾತಾವರಣದಲ್ಲಿ ಉರಿದುಹೋಯಿತು. ಅದೇ ವರ್ಷ ಜೂನ್ 28ರಂದು ಡ್ರ್ಯಾಗನ್ ನೌಕೆಯೂ ರಾಕೆಟ್‌ನೊಂದಿಗೆ ಚೂರಾಯಿತು. ಸರಿಯಾಗಿ ಎಂಟು ತಿಂಗಳಲ್ಲಿ ಮೂರು. ಒಬ್ಬ ಮನುಷ್ಯನ ಕುತ್ತಿಗೆಯ ನಾಳ ಮುಂದಿನ ಉಡಾವಣೆಯ ಮೇಲೆ ನಿಂತಿರುವಾಗ, ಸಂಗ್ರಹವನ್ನು ಎಂಟು ಹತ್ತು ದಿನ ಹಿಗ್ಗಿಸುವುದು ಜಿಪುಣತನವಲ್ಲ.

ಅಂದರೆ ಔಷಧಿಯ ಪ್ರಮಾಣವನ್ನು ಇಲ್ಲಿ ರೋಗಿಯ ದೇಹದ ಜೊತೆಗೆ ಕಪಾಟಿನ ಸೀಸೆಗಳೂ ಉಡಾವಣೆಯ ವೇಳಾಪಟ್ಟಿಯೂ ತೀರ್ಮಾನಿಸಿದವು.

ಹೆಪ್ಪು ಕರಗಿತು, ಹರಿವು ಬರಲಿಲ್ಲ

ಚಿಕಿತ್ಸೆಯುದ್ದಕ್ಕೂ ಏಳರಿಂದ ಇಪ್ಪತ್ತೊಂದು ದಿನಗಳಿಗೊಮ್ಮೆ ಸ್ಕ್ಯಾನ್ ನಡೆಯಿತು. ಗಗನಯಾತ್ರಿಯ ಕೈ, ಭೂಮಿಯ ಕಣ್ಣು. ಹೆಪ್ಪಿನ ಗಾತ್ರ ಬರಬರುತ್ತಾ ಕಡಿಮೆಯಾಯಿತು. 47ನೇ ದಿನದ ಹೊತ್ತಿಗೆ, ಬೇಕೆಂದೇ ಕೆಲವು ವಿಧಾನಗಳಿಂದ ರಕ್ತವನ್ನು ನೂಕಿದರೆ ಆ ನಾಳದಲ್ಲಿ ಹರಿವು ಕಾಣಿಸಿತು. ಒಳ್ಳೆಯ ಲಕ್ಷಣವೇ.

ಆದರೆ 90 ದಿನ ಚಿಕಿತ್ಸೆಯಾದ ಮೇಲೂ ತಾನಾಗಿ ಹರಿಯುವ ರಕ್ತ ಆ ನಾಳದಲ್ಲಿ ಇರಲಿಲ್ಲ.

ಇಡೀ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಮರಳುವುದು ಈ ಸಾಲಿಗೆ. ಸಾಮಾನ್ಯವಾಗಿ ಇದನ್ನು ಗೆಲುವಿನ ಕಥೆಯಾಗಿ ಹೇಳುತ್ತಾರೆ: ಕಾಯಿಲೆ ಪತ್ತೆ, ದೂರದಿಂದ ವೈದ್ಯ, ಔಷಧಿ, ಗುಣ. ಅದರಲ್ಲಿ ಸುಳ್ಳೇನಿಲ್ಲ, ಅಲ್ಲಿ ದುಡಿದವರೆಲ್ಲ ಗೌರವಕ್ಕೆ ಯೋಗ್ಯರು. ಆದರೂ ಔಷಧಿ ಮಾಡಿದ್ದು ಹೆಪ್ಪು ಬೆಳೆಯದಂತೆ ತಡೆಯುವ ಕೆಲಸ. ಹೆಪ್ಪು ಏಕೆ ಆಯಿತೋ ಆ ಕಾರಣವನ್ನು ಅದು ಮುಟ್ಟಲೇ ಇಲ್ಲ. ಮುಟ್ಟುವುದು ಅದರಿಂದ ಆಗುವಂಥದ್ದೂ ಅಲ್ಲ. ಕಟ್ಟಿಕೊಂಡ ಕಾಲುವೆಯ ಹೂಳು ತೆಗೆದರೂ ಇಳಿಜಾರೇ ಇಲ್ಲದಿದ್ದರೆ ನೀರು ಎತ್ತ ಹೋಗಬೇಕು?

ಭೂಮಿಗೆ ಮರಳುವ ನಾಲ್ಕು ದಿನ ಮೊದಲು ಮಾತ್ರೆ ನಿಲ್ಲಿಸಿದರು. ಇಳಿಯುವಾಗಿನ ಹೊಡೆತದಲ್ಲಿ ಪೆಟ್ಟಾದರೆ ರಕ್ತಸ್ರಾವ ಕೈಮೀರಬಾರದು ಎಂಬ ಎಚ್ಚರ. ಹೆಪ್ಪು ಇನ್ನೂ ಪೂರ್ತಿ ಹೋಗಿರಲಿಲ್ಲ, ಹರಿವು ಮರಳಿರಲಿಲ್ಲ. ಆ ನಾಲ್ಕು ದಿನಗಳು ಔಷಧಿಯ ಆಸರೆಯಿಲ್ಲದ ದಿನಗಳು. ಎರಡು ಅಪಾಯಗಳಲ್ಲಿ ಒಂದನ್ನು ಆಯ್ದುಕೊಳ್ಳಲೇಬೇಕಿತ್ತು, ಆಯ್ದುಕೊಂಡರು.

ನೆಲ ಮುಟ್ಟಿದ ಮೇಲೆ ಮಾಡಿದ ಸ್ಕ್ಯಾನಿನಲ್ಲಿ ಉಳಿದ ಹೆಪ್ಪು ನಾಳದ ಗೋಡೆಗೆ ಚಪ್ಪಟೆಯಾಗಿ ಒರಗಿತ್ತು. ಮತ್ತೆ ಔಷಧಿ ಬೇಕಾಗಲಿಲ್ಲ. 24 ಗಂಟೆಯ ನಂತರವೂ ಅದು ಅಲ್ಲಿತ್ತು. ಹತ್ತು ದಿನ ಕಳೆದ ಮೇಲೆ ಇರಲಿಲ್ಲ. ಆರು ತಿಂಗಳ ನಂತರವೂ ಆ ಗಗನಯಾತ್ರಿಗೆ ಯಾವ ತೊಂದರೆಯೂ ಇರಲಿಲ್ಲ. ತೊಂಬತ್ತು ದಿನದಲ್ಲಿ ಮುಗಿಯದ ಕೆಲಸ ಹತ್ತು ದಿನದಲ್ಲಿ ಮುಗಿಯಿತು. ಅದಕ್ಕೆ ಔಷಧಿ ಹಾಕಿದ ಬುನಾದಿ ಇತ್ತು, ನಿಜ. ಉಳಿದದ್ದನ್ನು ಮಾಡಿದ್ದು ನೆಲದ ಸೆಳೆತ ಎಂಬುದೇ ನನ್ನ ಓದು.

ಹನ್ನೊಂದು ಜನರ ಕುತ್ತಿಗೆ

ಹೆಪ್ಪು ಕಂಡದ್ದು ಯಾವ ರಕ್ತನಾಳ ಸಂಶೋಧನೆಯಲ್ಲೋ ಅದರ ಫಲಿತಾಂಶ 2019ರ ನವೆಂಬರ್‌ನಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ ಭಾಗವಹಿಸಿದವರು 11 ಗಗನಯಾತ್ರಿಗಳು. ಹಾರುವ ಮುಂಚೆ ಕೂತ, ಮಲಗಿದ, ತಲೆ ತಗ್ಗಿಸಿ ಮಲಗಿದ ಭಂಗಿಗಳಲ್ಲಿ, ಆಮೇಲೆ ಕಕ್ಷೆಯಲ್ಲಿ, ಮತ್ತೆ ಮರಳಿದ ಮೇಲೆ ಅವರ ಎಡ ಜುಗುಲರ್ ನಾಳವನ್ನು ಅಳೆದು ನೋಡಿದ್ದರು. ಸುಮಾರು 50ನೇ ದಿನದ ಸ್ಕ್ಯಾನಿನಲ್ಲಿ ಆರು ಮಂದಿಯ ನಾಳದಲ್ಲಿ ರಕ್ತ ನಿಂತೇಹೋಗಿತ್ತು, ಇಲ್ಲವೇ ಹಿಂದುಮುಂದಾಗಿ ಹರಿಯುತ್ತಿತ್ತು.

ಹಿಂದುಮುಂದಾಗಿ ಎಂದರೆ ತಲೆಯ ಕಡೆಗೆ. ಹೃದಯದತ್ತ ಇಳಿಯಬೇಕಾದ ರಕ್ತ ಬಂದ ದಾರಿಗೇ ತಿರುಗುವುದು. ಆರೋಗ್ಯವಂತರಲ್ಲಿ, ತರಬೇತಾದವರಲ್ಲಿ, ಸೋಸಿ ಸೋಸಿ ಆಯ್ದ ದೇಹಗಳಲ್ಲಿ, ಹನ್ನೊಂದಕ್ಕೆ ಆರು. ಒಬ್ಬರ ದುರದೃಷ್ಟ ಎಂದು ಈ ಪ್ರಕರಣವನ್ನು ಬದಿಗಿಡಲು ಇನ್ನು ಬರುವುದಿಲ್ಲ. ಅವರ ದೇಹದಲ್ಲಿ ದೋಷವಿರಲಿಲ್ಲ. ಎಲ್ಲರಿಗೂ ಒಂದೇ ಆಗಿದ್ದ ಪರಿಸರಕ್ಕೆ ಒಂದು ದೇಹ ಕೊಟ್ಟ ಉತ್ತರ ಅದು.

ಅದೇ ಅಧ್ಯಯನದಲ್ಲಿ ಒಂದು ಪರಿಹಾರವನ್ನೂ ಪರೀಕ್ಷಿಸಿದ್ದರು. ಸೊಂಟದಿಂದ ಕೆಳಗೆ ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯ ಒತ್ತಡ ತಗ್ಗಿಸಿದರೆ ದ್ರವ ಕಾಲಿನ ಕಡೆಗೆ ಎಳೆಯಲ್ಪಡುತ್ತದೆ. ರಷ್ಯನ್ನರು ಇದಕ್ಕಾಗಿ ಬಳಸುವ ಚಿಬಿಸ್ ಎಂಬ ಉಡುಗೆ ನಿಲ್ದಾಣದಲ್ಲಿದೆ. ಗುರುತ್ವವನ್ನು ಕಾಲಿನಿಂದ ಎಳೆದು ತರುವ ಸಾಧನ ಎನ್ನಬಹುದು. 17 ಬಾರಿ ಮಾಡಿದ ಪ್ರಯೋಗದಲ್ಲಿ 10 ಬಾರಿ ಕುತ್ತಿಗೆಯ ಹರಿವು ಸುಧಾರಿಸಿತು. ಉಳಿದ ಏಳು ಬಾರಿ ಸುಧಾರಿಸಲಿಲ್ಲ ಎಂಬುದನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಆದರೂ ಕಾರಣವನ್ನೇ ಮುಟ್ಟುವ ದಾರಿ ಇದು. ಮುಂದಿನ ನೌಕೆಗಳ ಔಷಧ ಪೆಟ್ಟಿಗೆಗೆ ಎಷ್ಟು ಸೀಸೆ ಹೆಚ್ಚು ಸೇರಿಸಬೇಕು ಎಂಬ ಚರ್ಚೆಗಿಂತ ಈ ದಾರಿಗೆ ಹೆಚ್ಚು ದುಡ್ಡು, ಹೆಚ್ಚು ಸಮಯ ಸಲ್ಲಬೇಕೆಂದು ನನಗನಿಸುತ್ತದೆ.

ಮಂಗಳದ ಯಾನಕ್ಕೆ ಈ ಪ್ರಕರಣವನ್ನು ಇಟ್ಟು ನೋಡಿದರೆ ಒಂದೊಂದೇ ಆಸರೆ ಕಳಚುತ್ತದೆ. ಹೋಗಲು ಆರೇಳು ತಿಂಗಳು, ನಡುವೆ ಸರಕು ನೌಕೆಯಿಲ್ಲ, ಆರು ವಾರಕ್ಕೆ ಮಾತ್ರೆ ಬಂದು ತಲುಪುವುದು ಎಂಬುದೇ ಇಲ್ಲ. ಮಾತು ಒಂದು ಕಡೆಗೆ ತಲುಪಲು ಮೂರರಿಂದ ಇಪ್ಪತ್ತೆರಡು ನಿಮಿಷ ಬೇಕು. ‘ಇನ್ನೂ ಸ್ವಲ್ಪ ಎಡಕ್ಕೆ, ಅಲ್ಲೇ ಹಿಡಿದುಕೊಳ್ಳಿ’ ಎನ್ನುವ ರೇಡಿಯಾಲಜಿಸ್ಟರ ಮಾತು ಕೇಳಿಸುವಷ್ಟರಲ್ಲಿ ಕೈ ಎಲ್ಲಿಗೋ ಹೋಗಿರುತ್ತದೆ. ಸ್ಕ್ಯಾನ್ ಮಾಡುವವರೇ ಚಿತ್ರವನ್ನೂ ಓದಬೇಕು. ಹತ್ತು ದಿನದಲ್ಲಿ ಕೆಲಸ ಮುಗಿಸಿದ ನೆಲವಂತೂ ಕೈಗೆ ಸಿಗದಷ್ಟು ದೂರ.

ನಾಸಾ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಯಾನಿಗಳ ಆರೋಗ್ಯಕ್ಕಿರುವ ಅಪಾಯಗಳ ಪಟ್ಟಿಗೆ ಆಮೇಲೆ ಸೇರಿಸಿಕೊಂಡಿತು. 2000ದ ನವೆಂಬರಿನಿಂದ ನಿಲ್ದಾಣದಲ್ಲಿ ಸತತವಾಗಿ ಜನ ಇದ್ದಾರೆ. ವಿಕಿರಣ, ಮೂಳೆಯ ಸವೆತ, ಸ್ನಾಯುಗಳ ಕ್ಷಯ, ಕಣ್ಣಿನ ನರದ ಊತ ಎಲ್ಲವನ್ನೂ ಅಳೆಯುತ್ತಾ ಬಂದಿದ್ದಾರೆ. ಕುತ್ತಿಗೆಯ ಈ ಹೆಪ್ಪು ಮಾತ್ರ ಕಣ್ಣಿಗೆ ಬಿದ್ದದ್ದು, ನೋವಿಲ್ಲದ ಒಬ್ಬರ ಕುತ್ತಿಗೆಯ ಮೇಲೆ ಸಂಶೋಧನೆಗೆಂದು ಯಾರೋ ಯಂತ್ರ ಇಟ್ಟು ನೋಡಿದ್ದರಿಂದ. ರೋಗಿ ದೂರು ಹೇಳಲಿ, ಆಮೇಲೆ ನೋಡೋಣ ಎಂಬ ಪದ್ಧತಿ ಇದ್ದಿದ್ದರೆ ಆ ಕುತ್ತಿಗೆ ಸುಮ್ಮನೇ ಇರುತ್ತಿತ್ತು, ಮಾತನಾಡುವ ಹೊತ್ತಿಗೆ ತಡವಾಗಿರುತ್ತಿತ್ತೇನೋ.

ಆ ಹನ್ನೊಂದು ಜನರ ಅಧ್ಯಯನದಲ್ಲಿ ಇನ್ನೊಂದು ಸಾಲಿದೆ, ಅಷ್ಟಾಗಿ ಯಾರೂ ಎತ್ತಿ ಹೇಳದ ಸಾಲು. ನಂತರ ಚಿತ್ರಗಳನ್ನು ಮತ್ತೆ ಪರಿಶೀಲಿಸಿದಾಗ ಇನ್ನೊಬ್ಬ ಯಾನಿಯ ನಾಳದಲ್ಲೂ ಭಾಗಶಃ ಹೆಪ್ಪು ಇದ್ದಿರಬಹುದೆಂದು ಕಂಡುಬಂತು. ಅವರಿಗಾಗಿ ಯಾವ ಸೀಸೆಯನ್ನೂ ಎಣಿಸಿರಲಿಲ್ಲ. ಮನೆಯ ಫೋನಿನಲ್ಲಿ ವೈದ್ಯರನ್ನು ಕೇಳಬೇಕೆಂದು ಅವರಿಗೂ ಹೊಳೆದಿರಲಿಲ್ಲ.